ಕರ್ನಲ್‌ನ ಎನ್‌ಕ್ರಿಪ್ಷನ್ ಕೋಡಿನಿಂದ ಏನನ್ನು ತೆಗೆಯಬಹುದು?

ಸ್ನೇಹಿತರೆ, ಲಿನಕ್ಸ್ ಕರ್ನಲ್‌ಗೆ, ಅಂದರೆ ಲಿನಕ್ಸ್ ವ್ಯವಸ್ಥೆಯ ತಿರುಳಿಗೆ, ಹೊಸದಾಗಿ ಏನು ಸೇರಿತು ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಏನು ಹೋಯಿತು ಎಂದು ಹೇಳುವವರನ್ನು ಹುಡುಕಬೇಕು. ಆದ್ದರಿಂದ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡುವ ಎಫ್‌ಎಸ್‌ಕ್ರಿಪ್ಟ್ ಭಾಗದಿಂದ ಹೋದದ್ದರ ಬಗ್ಗೆ, ಇನ್ನೂ ಹೋಗಬೇಕಾದದ್ದರ ಬಗ್ಗೆ ಮಾತನಾಡುತ್ತೇನೆ. ನನ್ನ ಹಟ ಒಂದೇ. ಭದ್ರತೆಯ ಕೋಡಿನಲ್ಲಿ ಪ್ರತಿ ಸಾಲನ್ನೂ ನಿಲ್ಲಿಸಿ ‘ನೀನು ಯಾರಿಗಾಗಿ ಇಲ್ಲಿದ್ದೀಯೆ?’ ಎಂದು ಕೇಳಬೇಕು.

ಹಿನ್ನೆಲೆ ನಿಮಗೆ ಗೊತ್ತೇ ಇದೆ. 2015ರಲ್ಲಿ 4.1ನೆಯ ಆವೃತ್ತಿಯಲ್ಲಿ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂಗೆ, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಗೆ, ಈ ಸೌಲಭ್ಯ ಬಂತು. ಅದರ ಮುಂದಿನ ಆವೃತ್ತಿಯಲ್ಲಿ ಎಫ್2ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂಗೂ ಬಂತು, ಹೆಚ್ಚುಕಡಿಮೆ ಅದೇ ಕೋಡಿನ ನಕಲಾಗಿ. ಒಂದು ಕಡೆ ತಿದ್ದಿದ ದೋಷ ಇನ್ನೊಂದು ಕಡೆ ಹಾಗೇ ಉಳಿಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. 2016ರಲ್ಲಿ ಎರಡರ ಕೋಡನ್ನೂ ಒಂದೇ ಡೈರೆಕ್ಟರಿಗೆ ತಂದರು, ಎಫ್2ಎಫ್‌ಎಸ್‌ನದನ್ನು 4.6ರಲ್ಲಿ, ಇಎಕ್ಸ್‌ಟಿ4ರದನ್ನು 4.8ರಲ್ಲಿ. ಮೊದಲ ಸರಳೀಕರಣ ಅದು.

ನನಗೆ ಬಹಳ ಇಷ್ಟವಾದ ಕಥೆ ಕೀಲಿಗಳದ್ದು. ಹಳೆಯ ಪದ್ಧತಿಯಲ್ಲಿ ಮುಖ್ಯ ಕೀಲಿಯನ್ನು ಪ್ರೋಸೆಸ್ಸಿನ, ಅಂದರೆ ಓಡುತ್ತಿರುವ ಪ್ರೋಗ್ರಾಮಿನ, ಕೀಲಿಗೊಂಚಲಿನಲ್ಲಿ ಇಡುತ್ತಿದ್ದರು. ನೀವು ಲಾಗಿನ್ ಆದಿರಿ, ಕೀಲಿ ಕೊಟ್ಟಿರಿ, ಫೈಲ್ ತೆರೆಯಿತು. ಈಗ ಸುಡೊ ಹಾಕಿ, ಅಂದರೆ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರರಾಗಿ, ಅದೇ ಡೈರೆಕ್ಟರಿಯ ಇನ್ನೊಂದು ಫೈಲ್ ತೆರೆಯಿರಿ. ‘ಬೇಕಾದ ಕೀಲಿ ಲಭ್ಯವಿಲ್ಲ’ ಎನ್ನುತ್ತದೆ ಯಂತ್ರ. ರೂಟ್‌ಗೇ ಇಲ್ಲ! ಸರಿ, ಭದ್ರತೆ ಬಿಗಿಯಾಗಿದೆ ಎಂದು ಸಂತೋಷಪಡೋಣ. ಆದರೆ ನೀವು ಆಗಲೇ ತೆರೆದ ಫೈಲನ್ನು ಅದೇ ರೂಟ್ ಕೇಳಿದರೆ ತೆರೆಯುತ್ತದೆ, ಏಕೆಂದರೆ ಆ ಫೈಲಿನ ಐನೋಡ್, ಅಂದರೆ ಫೈಲಿನ ವಿವರಗಳ ದಾಖಲೆ, ಕೀಲಿ ಸಮೇತ ಮೆಮೊರಿಯಲ್ಲಿದೆ, ಮತ್ತು ಐನೋಡ್ ಸಂಗ್ರಹ ಇಡೀ ಯಂತ್ರಕ್ಕೆ ಒಂದೇ. ಸ್ವಲ್ಪ ಹೊತ್ತಿನ ಮೇಲೆ ಮೆಮೊರಿ ಸಾಲದೆ ಕರ್ನಲ್ ಆ ಐನೋಡನ್ನು ಹೊರಹಾಕಿತು ಎನ್ನಿ. ಮತ್ತೆ ‘ಕೀಲಿ ಲಭ್ಯವಿಲ್ಲ’. ಬೆಳಿಗ್ಗೆ ಓದಿದ ಫೈಲನ್ನು ರಾತ್ರಿ ಬ್ಯಾಕಪ್ ಸೇವೆ ಓದಲಾರದು, ಮರುದಿನ ಓದಬಲ್ಲದು, ಮೂರನೆಯ ದಿನ ದೇವರೇ ಬಲ್ಲ. ಇಂಥದ್ದರ ಬಗ್ಗೆ ದೂರು ಬಂದರೆ ದೋಷ ಹುಡುಕುವವರ ಪಾಡೇನು, ಯೋಚಿಸಿ.

ಬೀಗ ಹಾಕುವುದಂತೂ ಇನ್ನೂ ಸೊಗಸು. ಕೀಲಿಯನ್ನು ಗೊಂಚಲಿನಿಂದ ತೆಗೆದರೂ ಮೆಮೊರಿಯಲ್ಲಿದ್ದ ಫೈಲ್‌ಗಳು ತೆರೆದೇ ಇರುತ್ತಿದ್ದವು. ಅವಕ್ಕೆ ಬೀಗ ಬೀಳಬೇಕಾದರೆ ರೂಟ್ ಬಂದು ‘ಡ್ರಾಪ್ ಕ್ಯಾಶಸ್’ ಬರೆಯಬೇಕು, ಅಂದರೆ ಯಂತ್ರದ ಮೆಮೊರಿ ಸಂಗ್ರಹವನ್ನೆಲ್ಲ ಖಾಲಿ ಮಾಡಿಸಬೇಕು. ಒಂದು ಕೋಣೆಗೆ ಬೀಗ ಹಾಕಲು ಇಡೀ ಮನೆಯ ಸಾಮಾನನ್ನು ಅಂಗಳಕ್ಕೆ ಎಸೆದಂತೆ.

2019ರಲ್ಲಿ 5.4ನೆಯ ಆವೃತ್ತಿ ಇದನ್ನು ಬಗೆಹರಿಸಿತು. ಕೀಲಿ ಪ್ರೋಸೆಸ್ಸಿನದಲ್ಲ, ಫೈಲ್ ಸಿಸ್ಟಂನದು ಎಂದು ತೀರ್ಮಾನವಾಯಿತು. ಕೊಟ್ಟರೆ ಎಲ್ಲರಿಗೂ ತೆರೆಯುತ್ತದೆ, ಯಾರು ಓದಬಹುದು ಎಂಬುದನ್ನು ಎಂದಿನ ಅನುಮತಿಗಳು ನೋಡಿಕೊಳ್ಳುತ್ತವೆ. ಹಿಂದಕ್ಕೆ ಪಡೆದರೆ ಆ ಕೀಲಿಯಿಂದ ತೆರೆದ ಐನೋಡ್‌ಗಳನ್ನಷ್ಟೇ ಕರ್ನಲ್ ಹೊರಹಾಕುತ್ತದೆ. ಯಾರೋ ಇನ್ನೂ ಬಳಸುತ್ತಿರುವ ಫೈಲ್ ಇದ್ದರೆ ‘ಇಷ್ಟು ಉಳಿದಿದೆ’ ಎಂದು ತಿಳಿಸುತ್ತದೆ.

ಇದೇ ಸಂದರ್ಭದಲ್ಲಿ ಪ್ರತಿ ಫೈಲಿನ ಕೀಲಿಯನ್ನು ಹುಟ್ಟಿಸುವ ವಿಧಾನವೂ ಬದಲಾಯಿತು. ಹಳೆಯದರಲ್ಲಿ ಒಂದು ಫೈಲಿನ ಕೀಲಿ ಸೋರಿದರೆ, ಡಿಸ್ಕಿನಲ್ಲಿ ಬಹಿರಂಗವಾಗಿಯೇ ಇರುವ ನಾನ್ಸ್ (ಆ ಫೈಲಿಗೆಂದೇ ಆರಿಸಿದ ಯಾದೃಚ್ಛಿಕ ಸಂಖ್ಯೆ) ಹಿಡಿದು ಹಿಂದಕ್ಕೆ ನಡೆದು ಮುಖ್ಯ ಕೀಲಿಯನ್ನೇ ತಲುಪಬಹುದಿತ್ತು. ಈಗ ಎಚ್‌ಕೆಡಿಎಫ್ ಎಂಬ, ಒಂದು ಕೀಲಿಯಿಂದ ಇನ್ನೊಂದನ್ನು ಹುಟ್ಟಿಸುವ ಏಕಮುಖ ವಿಧಾನ ಇದೆ, ಹಿಂದಕ್ಕೆ ದಾರಿಯಿಲ್ಲ.

ಇನ್ನು ವೇಗದ ಮಾತು. ಪುಟವೊಂದನ್ನು ಎನ್‌ಕ್ರಿಪ್ಟ್ ಮಾಡಲು ಪ್ರತಿ ಸಲ ಮೆಮೊರಿ ಬೇಡಿ, ಕೋರಿಕೆ ಸಿದ್ಧಪಡಿಸಿ, ಮುಗಿದಾಗ ಕರೆಯಬೇಕಾದ ಫಂಕ್ಷನ್ ಬರೆದು, ಕೊನೆಗೆ ಸುಮ್ಮನೆ ಕಾಯುತ್ತ ಕೂರುವ ಕೋಡು ವರ್ಷಗಟ್ಟಲೆ ಇತ್ತು. ಯಾರಿಗಾಗಿ? ಪ್ರತ್ಯೇಕ ವೇಗವರ್ಧಕ ಯಂತ್ರಾಂಶಕ್ಕಾಗಿ. ಇಂದಿನ ಪ್ರೊಸೆಸರಿನಲ್ಲೇ ಇರುವ, ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನದ ಸೂಚನೆಗಳಿಗೆ 4 ಕಿಲೋಬೈಟಿನ ಪುಟ ಒಂದೆರಡು ಮೈಕ್ರೋಸೆಕೆಂಡಿನ ಕೆಲಸ. ಅಷ್ಟು ಚಿಕ್ಕ ಕೆಲಸವನ್ನು ಹೊರಗಿನ ಸಾಧನಕ್ಕೆ ಕಳಿಸಿ ಮುಗಿಯಿತೆಂದು ಅದು ಕಳಿಸುವ ಇಂಟರಪ್ಟ್ ಸಂಕೇತಕ್ಕಾಗಿ ಕಾದರೆ ಎಷ್ಟೋ ಸಲ ನಷ್ಟವೇ. 2025ರಲ್ಲಿ ಆ ಕಾಯುವ ದಾರಿಯನ್ನು ಮುಚ್ಚಿದರು. ಕೋರಿಕೆ ಈಗ ಸ್ಟಾಕ್‌ನಲ್ಲೇ, ಅಂದರೆ ಬೇಡದೆ ಸಿಗುವ ಮೆಮೊರಿಯಲ್ಲೇ, ಇರುತ್ತದೆ, ಮೆಮೊರಿ ಸಿಗಲಿಲ್ಲ ಎಂಬ ದೋಷದ ಕವಲೂ ಅದರ ಜೊತೆಗೇ ಹೋಯಿತು. ಮೊಬೈಲ್‌ಗಳ ಸಂಗ್ರಹ ನಿಯಂತ್ರಕದೊಳಗಿನ ಎನ್‌ಕ್ರಿಪ್ಷನ್ ಉಳಿದಿದೆ. ಅದು ದತ್ತಾಂಶ ಹೋಗುವ ದಾರಿಯಲ್ಲೇ ಕುಳಿತಿರುವುದರಿಂದ ನನ್ನ ಪ್ರಶ್ನೆಗೆ ಅದರ ಬಳಿ ಉತ್ತರವಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಸ್ಪೆಕ್ ಎಂಬ ಗೂಢಲಿಪಿ 2018ರಲ್ಲಿ ಸೇರಿ, ವಿವಾದವಾಗಿ, ಅದೇ ವರ್ಷ ಹೋಯಿತು. ಅದರ ಜಾಗಕ್ಕೆ ಅಡಿಯಾಂಟಂ ಎಂಬ ಇನ್ನೊಂದು ವಿಧಾನ ಬಂತು. ಸ್ಪೆಕ್‌ಗೆ ಕೊಟ್ಟಿದ್ದ 7 ಮತ್ತು 8 ಎಂಬ ಗುರುತಿನ ಸಂಖ್ಯೆಗಳು ಮಾತ್ರ ಹೆಡರ್ ಫೈಲಿನಲ್ಲಿ ‘ತೆಗೆಯಲಾಗಿದೆ’ ಎಂಬ ಟಿಪ್ಪಣಿ ಹೊತ್ತು ಉಳಿದವು. ಅಡಿಯಾಂಟಂಗೆ ಸಿಕ್ಕಿದ್ದು 9.

ಫೈಲ್ ಹೆಸರುಗಳ ಎನ್‌ಕ್ರಿಪ್ಷನ್ ಬಗ್ಗೆ ಹೇಳಬೇಕೆಂದಿದ್ದೆ, ಆಗುವುದಿಲ್ಲ. ಮೊದಲ ಆವೃತ್ತಿಯ ಪಾಲಿಸಿಯನ್ನೂ, ಅಂದರೆ 5.4ಕ್ಕೆ ಮುಂಚಿನ ಆ ಹಳೆಯ ಕೀಲಿ ಪದ್ಧತಿಯನ್ನೂ, ಕಿತ್ತೊಗೆಯಬಾರದೇ ಎಂದು ನೀವು ಕೇಳುವಿರಿ. ಆಗದು. ಅದು ಜನರ ಡಿಸ್ಕುಗಳ ಮೇಲಿದೆ, ಕೋಡು ತೆಗೆದರೆ ಅವರ ಫೈಲ್‌ಗಳು ಹೋಗುತ್ತವೆ. ನಿಮ್ಮದು ಯಾವುದೆಂದು ‘ಎಫ್‌ಎಸ್‌ಕ್ರಿಪ್ಟ್ ಸ್ಟೇಟಸ್’ ಆಜ್ಞೆ ತೋರಿಸುತ್ತದೆ. ಪಾಲಿಸಿ ಆವೃತ್ತಿ 1 ಎಂದಿದ್ದರೆ ಇದ್ದಲ್ಲೇ ಬದಲಿಸಲು ಬರುವುದಿಲ್ಲ. ಆವೃತ್ತಿ 2ರಲ್ಲಿ ಹೊಸ ಡೈರೆಕ್ಟರಿ ಮಾಡಿ ಎಲ್ಲವನ್ನೂ ಅದಕ್ಕೆ ನಕಲಿಸಿ. ಈಗ ಪ್ರಶ್ನೆಗಳನ್ನು ಕೇಳಿ.