ಜೋಂಬಿ ಅಂದರೆ ಹೆಣ ಅಲ್ಲ, ರೋಗಿ

ಎಲ್ಲರಿಗೂ ನಮಸ್ಕಾರ.

ಜೋಂಬಿ ಕಥೆ ಅಂದ ಮೇಲೆ ಒಬ್ಬ ವಿಜ್ಞಾನಿ ಬಂದೇ ಬರುತ್ತಾನೆ. ಬಿಳಿ ಕೋಟು ಹಾಕಿಕೊಂಡು, "ವೈರಸ್ ಹೊರಗೆ ಬಂದಿದೆ, ಸತ್ತವರು ಎದ್ದು ಓಡಾಡುತ್ತಿದ್ದಾರೆ" ಅಂತ ಎರಡು ಮಾತು ಹೇಳಿ ಹೋಗುತ್ತಾನೆ. ಆಮೇಲೆ ಬರೀ ಗುಂಡು, ರಕ್ತ, ಓಟ. ನನ್ನ ಪ್ರಕಾರ ಇಡೀ ಕಥೆಯ ಹಣೆಬರಹ ಇರುವುದು ಆ ಎರಡು ಮಾತಿನಲ್ಲಿ. ಯಾಕೆ ಅಂತ ಹೇಳುತ್ತೇನೆ.

ಹಾಸನದಲ್ಲಿ ನನಗೆ ಪರಿಚಯದ ಹುಡುಗರು ಒಂದು ಜೋಂಬಿ ಕಿರುಚಿತ್ರ ಬರೆಯುತ್ತಿದ್ದಾರೆ. ಕಥೆ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಶುರುವಾಗಿ, ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಹತ್ತಿರ ಮುಗಿಯುತ್ತದೆ. ಅವರ ವಿಜ್ಞಾನಿ ಕೀಟಗಳನ್ನು ಓದಿಕೊಂಡ ಒಬ್ಬ ಹೆಣ್ಣುಮಗಳು. ಅವಳು ಕೊಡುವ ವಿವರಣೆ ಇದು: ಕಾಫಿ ಹಣ್ಣು ಕೊರೆಯುವ ಹುಳವಾದ ಬೆರಿ ಬೋರರ್‌ಗೆ ಹೊಡೆಯುವ ಶಿಲೀಂಧ್ರ ಬದಲಾಗಿ ಮನುಷ್ಯರಿಗೆ ಹತ್ತಿತು, ಸತ್ತವರನ್ನು ಎಬ್ಬಿಸಿತು.

ಇದರಲ್ಲಿ ಅರ್ಧ ಬಹಳ ಚೆನ್ನಾಗಿದೆ. ಇನ್ನರ್ಧ ತೆಗೆಯಲೇಬೇಕು.

ಚೆನ್ನಾಗಿರುವುದು ಶಿಲೀಂಧ್ರ. ತೋಟದವರಿಗೆ ಇದು ಹೊಸದಲ್ಲ. ಬೆರಿ ಬೋರರ್ ಅಂದರೆ ಸಾಸಿವೆಗಿಂತ ದೊಡ್ಡದೇನೂ ಅಲ್ಲದ ಕಪ್ಪು ಹುಳ. ಕಾಫಿ ಹಣ್ಣಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಒಳಗೆ ಹೋಗುತ್ತದೆ. ಅದಕ್ಕೆ ಬಿವೇರಿಯಾ ಅನ್ನುವ ಶಿಲೀಂಧ್ರ ಹೊಡೆಯುತ್ತಾರೆ. ಆಮೇಲೆ ನೋಡಬೇಕು. ತೂತಿನ ಬಾಯಲ್ಲೇ ಹುಳ ಸತ್ತಿರುತ್ತದೆ, ಮೈತುಂಬ ಬಿಳೀ ಬೂಷ್ಟು. ಶಿಲೀಂಧ್ರ ಹುಳದ ಚರ್ಮ ಕೊರೆದು ಒಳಗೆ ಹೋಗಿ, ತಿಂದು, ಮತ್ತೆ ಹೊರಗೆ ಬಂದಿರುತ್ತದೆ. ಹಾಸನ, ಚಿಕ್ಕಮಗಳೂರಿನ ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕಾ? (ಬೆಳೆಗಾರರು ಹೆದರಬೇಡಿ. ಬಿವೇರಿಯಾ ಜೈವಿಕ ಕೀಟನಾಶಕ ಅಂತ ಒಪ್ಪಿಗೆ ಪಡೆದದ್ದು. ಈ ಕಥೆ ಕೇಳಿ ಯಾರೂ ಸಿಂಪಡಣೆ ನಿಲ್ಲಿಸಬೇಡಿ.)

ಆದರೆ ಬಿವೇರಿಯಾ ಕೊಲ್ಲುತ್ತದೆ ಅಷ್ಟೇ. ಹುಳವನ್ನು ತನಗೆ ಬೇಕಾದ ಕಡೆ ನಡೆಸುವುದಿಲ್ಲ. ನಡೆಸುವ ಶಿಲೀಂಧ್ರ ಬೇರೆ ಇದೆ, ಅದರ ಹೆಸರು ಓಫಿಯೋಕಾರ್ಡಿಸೆಪ್ಸ್. ಉಷ್ಣವಲಯದ ಕಾಡುಗಳಲ್ಲಿ ಕಟ್ಟಿರುವೆಗಳಿಗೆ ಹತ್ತುತ್ತದೆ. ಇರುವೆ ಗೂಡು ಬಿಟ್ಟು, ನೆಲದಿಂದ ಸುಮಾರು 25 ಸೆಂಟಿಮೀಟರ್ ಮೇಲೆ ಒಂದು ಎಲೆಯ ಅಡಿಗೆ ಹೋಗುತ್ತದೆ. ಎಲೆಯ ನರ ಕಚ್ಚುತ್ತದೆ. ಕಚ್ಚಿದ ಹಿಡಿ ಸತ್ತ ಮೇಲೂ ಬಿಡುವುದಿಲ್ಲ. ಅದರ ಕತ್ತಿನ ಹಿಂದಿನಿಂದ ಒಂದು ಕಡ್ಡಿ ಮೊಳೆತು, ಕೆಳಗೆ ಓಡಾಡುವ ಇರುವೆಗಳ ಮೇಲೆ ಬೀಜಕಣ ಉದುರಿಸುತ್ತದೆ.

ಶಿಲೀಂಧ್ರ ಇರುವೆಯ ಮೆದುಳು ಹೊಕ್ಕು ಆಳುತ್ತದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತೇವೆ, ಅಲ್ವಾ? 2017ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಬೇರೆಯೇ ಕಂಡಿತು. ಶಿಲೀಂಧ್ರದ ಕೋಶಗಳು ಇರುವೆಯ ಸ್ನಾಯುಗಳ ಸುತ್ತ ಬಲೆಯ ಹಾಗೆ ಹೆಣೆದುಕೊಂಡಿದ್ದವು. ಮೆದುಳಿನ ಒಳಗೆ ಮಾತ್ರ ಹೋಗಿರಲಿಲ್ಲ. ರಾಸಾಯನಿಕಗಳ ಮೂಲಕ ಮೆದುಳಿನ ಮೇಲೂ ಪ್ರಭಾವ ಇರಬಹುದು. ಆದರೆ ಅದನ್ನು ತಿಂದು ಹಾಕಿಲ್ಲ.

ನನ್ನ ವಾದ ನಿಂತಿರುವುದು ಇಲ್ಲಿ. ಹುಡುಗರ ಜೋಂಬಿ ಸತ್ತವನು. ಸತ್ತವನು ನಡೆಯಲಾರ. ಸ್ನಾಯು ಬಿಗಿಯಾಗುವುದಕ್ಕೂ, ಮತ್ತೆ ಸಡಿಲ ಆಗುವುದಕ್ಕೂ ಎಟಿಪಿ ಅನ್ನುವ ವಸ್ತು ಬೇಕು. ಉಸಿರು ನಿಂತರೆ ಅದರ ತಯಾರಿ ನಿಲ್ಲುತ್ತದೆ. ಆಗ ಸ್ನಾಯು ಹಿಡಿದ ಹಿಡಿ ಬಿಡಲಾಗದೆ ಸೆಟೆದುಕೊಳ್ಳುತ್ತದೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಹಿರಿಯರು ತಡ ಮಾಡದೆ ಕೈಕಾಲು ನೆಟ್ಟಗೆ ಮಾಡಿ, ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ. ಆಮೇಲೆ ಮೈ ಬಗ್ಗುವುದಿಲ್ಲ ಅಂತ ಅವರಿಗೆ ಗೊತ್ತು. ಈ ವಿಜ್ಞಾನಿಗೂ ಗೊತ್ತಿರಬೇಕು.

ಅಂದರೆ ನಡೆಯುತ್ತಿರುವವನು ಬದುಕಿದ್ದಾನೆ. ಉಸಿರಾಡುತ್ತಿದ್ದಾನೆ, ಹೃದಯ ಬಡಿಯುತ್ತಿದೆ. ಶಿಲೀಂಧ್ರ ಹಿಡಿದಿರುವುದು ಸ್ನಾಯುಗಳನ್ನು ಅನ್ನುವುದಾದರೆ, ಮೆದುಳಿಗೆ ಎಲ್ಲ ಗೊತ್ತಾಗುತ್ತಲೂ ಇರಬಹುದು. ಮಗಳ ಮುಖ ಗುರುತು ಸಿಗುತ್ತದೆ, ಕೈ ಮಾತ್ರ ಮಾತು ಕೇಳುವುದಿಲ್ಲ. ಹಾಗಾದರೆ ಮೂರನೇ ಸೀನಿನಲ್ಲಿ ನಾಯಕ ಕೋವಿ ಹಿಡಿದು ಸಾಲಾಗಿ ಉರುಳಿಸುವುದು ಯಾರನ್ನು? ರೋಗಿಗಳನ್ನು. ಚಪ್ಪಾಳೆ ಬೀಳಲಿ ಅಂತ ಬರೆದಿರುವ ಸೀನ್ ಅದು. ನನಗೆ ಓದುವಾಗ ಸಂಕಟ ಆಯಿತು.

ಇನ್ನು ವಿಜ್ಞಾನಿ ಉತ್ತರ ಕೊಡಲೇಬೇಕಾದ ಒಂದು ಪ್ರಶ್ನೆ: ಹುಳಕ್ಕೆ ಹತ್ತುವುದು ಮನುಷ್ಯನಿಗೆ ಹೇಗೆ ಹತ್ತಿತು? ನಮ್ಮನ್ನು ಕಾಯುತ್ತಿರುವುದು ಮೈಯ ಶಾಖ. 37 ಡಿಗ್ರಿಯಲ್ಲಿ ಬಹುಪಾಲು ಶಿಲೀಂಧ್ರಗಳು ಬೆಳೆಯಲಾರವು. ಆದರೆ ಕ್ಯಾಂಡಿಡಾ ಔರಿಸ್ ಅಂತ ಒಂದಿದೆ. 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಲ್ಲಿ ಸಿಕ್ಕಿತು, ಈಗ ಎಷ್ಟೋ ದೇಶಗಳ ಆಸ್ಪತ್ರೆಗಳಿಗೆ ತಲೆನೋವಾಗಿದೆ. ಭೂಮಿ ಬಿಸಿಯಾಗುತ್ತಾ ಇದು ಶಾಖಕ್ಕೆ ಒಗ್ಗಿಕೊಂಡಿರಬಹುದು ಅಂತ ಕೆಲವು ವಿಜ್ಞಾನಿಗಳ ಊಹೆ. ಕಥೆಗೆ ಅಷ್ಟು ಸಾಕು. ಮಲೆನಾಡಿನ ಬೇಸಿಗೆ ಈಗ ಹೇಗಿದೆ ಅಂತ ನೋಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಚ್ಚಿದ ಹತ್ತು ಸೆಕೆಂಡಿಗೆ ಜೋಂಬಿ ಆಗುವುದನ್ನೂ ಬಿಡಿ. ಕಡಿತದಿಂದ ಹರಡಿ ಮನುಷ್ಯನನ್ನು ಬದಲಾಯಿಸುವ ನಿಜವಾದ ರೋಗ ರೇಬೀಸ್. ಅದರ ವೈರಸ್ ನರದ ಜಾಡು ಹಿಡಿದು ನಿಧಾನವಾಗಿ ಮೆದುಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಲಕ್ಷಣ ಕಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಈ ಅವಧಿ ಇರುವುದರಿಂದಲೇ ಲಸಿಕೆ ಕೆಲಸ ಮಾಡುತ್ತದೆ. ಕಥೆ ಪಕ್ಕಕ್ಕಿಟ್ಟು ಹೇಳುತ್ತೇನೆ: ನಾಯಿ ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ನೀರಲ್ಲಿ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸುಮ್ನೆ ಅರಿಶಿನ ಮೆತ್ತಿಕೊಂಡು ಕೂರಬೇಡಿ.

ರೋಗದ ಮೊದಲ ಸುಳಿವು ಹೇಗೆ ಸಿಗಬೇಕು ಅನ್ನುವುದಕ್ಕೆ ಮಂಗನ ಕಾಯಿಲೆ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು, ಚಿಕ್ಕಮಗಳೂರಿನ ಕೊಪ್ಪ, ಶೃಂಗೇರಿ ಕಡೆಯವರಿಗೆ ಅದರ ಭಯ ಚೆನ್ನಾಗಿ ಗೊತ್ತು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಜನ ಎಚ್ಚರ ಆಗುತ್ತಾರೆ. ಉಣ್ಣೆ ಹುಳದ ಕಡಿತದಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಮ್ಮ ಕಥೆಯ ವಿಜ್ಞಾನಿಯೂ ಗಂಬೂಟು ಹಾಕಿಕೊಂಡು ತೋಟಕ್ಕೆ ಇಳಿಯಲಿ. ಮೊದಲು ಹುಳದಲ್ಲಿ, ಆಮೇಲೆ ಮಂಗದಲ್ಲಿ ಕಂಡುಹಿಡಿಯಲಿ. ಅವಳಿಗೆ ಮೊದಲು ಸುದ್ದಿ ಕೊಡುವವರು ಹಣ್ಣು ಕೊಯ್ಯುವ ಹೆಂಗಸರಾಗಿರಲಿ. ಗಿಡಗಿಡದ ಮುಂದೆ ನಿಲ್ಲುವವರು ಅವರೇ.

ಕೊನೆಗೆ ಔಷಧಿ. ಶಿಲೀಂಧ್ರದ ಕೋಶ ಬ್ಯಾಕ್ಟೀರಿಯಾದ ಹಾಗಲ್ಲ, ಎಷ್ಟೋ ವಿಷಯದಲ್ಲಿ ನಮ್ಮ ಕೋಶದ ಹಾಗೇ ಇರುತ್ತದೆ. ಅದನ್ನು ಕೊಲ್ಲುವ ಮದ್ದು ನಮಗೂ ಏಟು ಕೊಡುತ್ತದೆ. ಅದಕ್ಕೇ ಶಿಲೀಂಧ್ರಕ್ಕೆ ಇರುವ ಮದ್ದುಗಳ ಬಗೆ ಕಡಿಮೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಜನ ಹೇಗೆ ಅಲೆದರು ಅಂತ ನೆನಪಿದೆಯಲ್ಲ? ಹುಡುಗರಿಗೆ ನಾನು ಹೇಳಿದ್ದು ಇಷ್ಟೇ. ಕೋವಿಯ ಸೀನ್ ತೆಗೆಯಿರಿ. ತಾಲ್ಲೂಕು ಆಸ್ಪತ್ರೆಯ ವಾರ್ಡ್ ಬರೆಯಿರಿ. ಮಂಚಕ್ಕೆ ಕಟ್ಟಿರುವ ರೋಗಿಗಳು ಬಹಳ ಜನ, ಬಾಟಲಿ ಕೆಲವೇ. ತೋಟದ ಸಾಹುಕಾರರ ಮಗನೂ ಅಲ್ಲಿದ್ದಾನೆ, ಮೊದಲು ಸುದ್ದಿ ಕೊಟ್ಟ ಹೆಂಗಸೂ ಅಲ್ಲಿದ್ದಾಳೆ. ವಿಜ್ಞಾನಿ ಯಾರ ಹೆಸರು ಮೊದಲು ಬರೆಯುತ್ತಾಳೆ? ಅದನ್ನು ತೀರ್ಮಾನ ಮಾಡಿಕೊಂಡು ಆಮೇಲೆ ಕ್ಯಾಮೆರಾ ತೆಗೆಯಿರಿ ಅಂದಿದ್ದೇನೆ.