"ಇಲ್ಲೇನ್ ಕೆಲಸ ನಿಂಗೆ?" ಅಂತ ಅಮೆರಿಕದಲ್ಲಿ ಯಾರನ್ನು ಕೇಳುತ್ತಾರೆ?

ನಮಸ್ಕಾರ, ನಮಸ್ಕಾರ. ಹೋದ ವಾರದ ವಿಡಿಯೊ ಕೆಳಗೆ ಡಾಲಸ್‌ನಿಂದ ಒಬ್ಬರು ಕಮೆಂಟ್ ಹಾಕಿದ್ದಾರೆ. ಓದುತ್ತೇನೆ, ಕೇಳಿ. "ಸರ್, ಸುಮ್ನೆ ಅಮೆರಿಕಾನ ಬೈಬೇಡಿ. ಎಷ್ಟೋ ವರ್ಷದಿಂದ ಇಲ್ಲಿದ್ದೀನಿ. ಒಬ್ಬನೂ ನಂಗೆ ಒಂದು ಕೆಟ್ಟ ಮಾತು ಆಡಿಲ್ಲ. ರೇಸಿಸಂ ಎಲ್ಲಾ ಹಳೇ ಕಥೆ. ಒಬಾಮ ಪ್ರೆಸಿಡೆಂಟ್ ಆಗ್ಲಿಲ್ವಾ?" ಈ ಕಮೆಂಟಿಗೆ ಬಂದಷ್ಟು ಲೈಕು ನನ್ನ ವಿಡಿಯೊಗೇ ಬಂದಿಲ್ಲ. ಅದು ಬೇರೆ ಹೊಟ್ಟೆ ಉರಿ.

ಸರ್, ನಿಮ್ಮನ್ನು ಯಾರೂ ಬೈದಿಲ್ಲ, ಸಂತೋಷ. ಆದರೆ ಬೈಗುಳ ಎಣಿಸಿದರೆ ರೇಸಿಸಂ ಸಿಗಲ್ಲ. ನಾನು ನೋಡುವುದು ಒಂದೇ ಒಂದು. ಸುಮ್ನೆ ನಿಂತಿದ್ದಾಗ, ಸುಮ್ನೆ ಕೂತಿದ್ದಾಗ, "ಇಲ್ಲೇನ್ ಕೆಲಸ ನಿಂಗೆ?" ಅಂತ ಯಾರನ್ನು ಕೇಳುತ್ತಾರೆ? ಯಾರನ್ನು ಕೇಳಲ್ಲ? ಅಷ್ಟೇ. ಇವತ್ತಿನ ಇಡೀ ವಿಡಿಯೊ ಇಷ್ಟೇ. ಆತುರ ಇದ್ದವರು ಲೈಕ್ ಒತ್ತಿ ಹೊರಡಬಹುದು.

2018ರ ಏಪ್ರಿಲ್. ಫಿಲಡೆಲ್ಫಿಯಾದ ಒಂದು ಸ್ಟಾರ್‌ಬಕ್ಸ್ ಕಾಫಿ ಅಂಗಡಿ. ಇಬ್ಬರು ಕಪ್ಪು ಹುಡುಗರು ಬಂದು ಕೂತರು. ಮೂರನೆಯವರೊಬ್ಬರು ಬರಬೇಕಿತ್ತು, ಬಿಸಿನೆಸ್ ಮಾತುಕತೆ. ಅವರು ಬರಲಿ, ಆಮೇಲೆ ಆರ್ಡರ್ ಮಾಡೋಣ ಅಂತ ಕಾಯುತ್ತಿದ್ದರು. ನಿಮಿಷಗಳಲ್ಲಿ ಮ್ಯಾನೇಜರ್ ಪೊಲೀಸರಿಗೆ ಫೋನ್ ಮಾಡಿಯಾಯಿತು. ಇವರಿಗಾಗಿ ಬರಬೇಕಿದ್ದ ಬಿಳಿಯ ಮನುಷ್ಯ ಬರುವ ಹೊತ್ತಿಗೆ ಇವರ ಕೈಗೆ ಕೋಳ ಬೀಳುತ್ತಿತ್ತು. ದೊಡ್ಡ ಗಲಾಟೆ ಆಯಿತು. ಮೇ 29ರ ಮಧ್ಯಾಹ್ನ ಕಂಪನಿಯವರು 8,000ಕ್ಕೂ ಜಾಸ್ತಿ ಅಂಗಡಿ ಮುಚ್ಚಿ ನೌಕರರಿಗೆಲ್ಲ ಪಾಠ ಮಾಡಿದರು.

ಈ ಸ್ಕ್ರಿಪ್ಟು ನಾನು ಬರೆದದ್ದೂ ಒಂದು ಕಾಫಿ ಶಾಪಿನಲ್ಲೇ. ಒಂದು ಸಣ್ಣ ಕಪ್ ಕಾಫಿ, ಇಡೀ ಮಧ್ಯಾಹ್ನ. ಅವರ ಕರೆಂಟು, ಅವರ ವೈಫೈ, ಅವರ ಬಾತ್‌ರೂಮು. ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

"ಒಬಾಮ ಪ್ರೆಸಿಡೆಂಟ್ ಆಗ್ಲಿಲ್ವಾ?" ಆದರು. ಆದ ಮೇಲೆ ಏನಾಯಿತು? "ನೀನು ಈ ದೇಶದಲ್ಲಿ ಹುಟ್ಟಿದವನೇನಾ, ಕಾಗದ ತೋರ್ಸು" ಅಂತ ವರ್ಷಗಟ್ಟಲೆ ಕಾಡಿದರು. ಅಮೆರಿಕದ್ದೇ ಆದ ಹವಾಯಿಯ ಹೊನೊಲುಲುವಿನಲ್ಲಿ ಹುಟ್ಟಿದ ಮನುಷ್ಯ. ಕೊನೆಗೆ 2011ರ ಏಪ್ರಿಲ್‌ನಲ್ಲಿ ಶ್ವೇತಭವನದಿಂದ ಬರ್ತ್ ಸರ್ಟಿಫಿಕೇಟಿನ ಪೂರ್ತಿ ಪ್ರತಿ ಬಿಡುಗಡೆ ಮಾಡಬೇಕಾಯಿತು. ಕೂತಿರುವುದು ಅಧ್ಯಕ್ಷರ ಓವಲ್ ಆಫೀಸಿನಲ್ಲಿ, ಕೇಳುತ್ತಿರುವುದು ಮಾತ್ರ ಅದೇ. ಇಲ್ಲೇನ್ ಕೆಲಸ ನಿಂಗೆ? ಇದನ್ನು ನೀವು ರೇಸಿಸಂ ಮುಗಿದದ್ದಕ್ಕೆ ಸಾಕ್ಷಿ ಅಂತ ತರುತ್ತೀರಲ್ಲ ಸರ್, ನಿಮ್ಮ ಧೈರ್ಯ ಮೆಚ್ಚಬೇಕು.

ಅದೇ ಒಬಾಮ ಕಾಲದ್ದೇ ಇನ್ನೊಂದು. 2009ರ ಜುಲೈ, ಹಾರ್ವರ್ಡ್‌ನ ಕಪ್ಪು ಪ್ರೊಫೆಸರ್ ಹೆನ್ರಿ ಲೂಯಿಸ್ ಗೇಟ್ಸ್ ಚೀನಾದಿಂದ ಬಂದಿಳಿದರು. ಮನೆ ಬಾಗಿಲು ಬಿಗಿಯಾಗಿತ್ತು, ಡ್ರೈವರ್ ಜೊತೆ ಸೇರಿ ತಳ್ಳಿದರು. ಯಾರೋ ಪೊಲೀಸರಿಗೆ ಹೇಳಿದರು. ಗೇಟ್ಸ್ ಐಡಿ ತೋರಿಸಿದರು, ಮಾತಿಗೆ ಮಾತು ಬೆಳೆಯಿತು, ಅರೆಸ್ಟ್. ತನ್ನ ಮನೆಯಲ್ಲೇ! ಆಮೇಲೆ ಕೇಸ್ ಕೈಬಿಟ್ಟರು, ಬಿಡಿ.

ಈಗ ಒಬ್ಬರು ಬರುತ್ತಾರೆ, ಗ್ಯಾರಂಟಿ. "ಡೀಸೆಂಟಾಗಿ ಡ್ರೆಸ್ ಮಾಡಿದ್ರೆ ಯಾರೂ ತಡೆಯಲ್ಲ ಸರ್." ಟಿಮ್ ಸ್ಕಾಟ್ ಗೊತ್ತಾ? ಸೌತ್ ಕ್ಯಾರೊಲಿನಾದ ಕಪ್ಪು ಸೆನೆಟರ್. ರಿಪಬ್ಲಿಕನ್, ಅಂದರೆ ಬಲಪಂಥದ ಪಕ್ಷದವರು. ಆದ್ದರಿಂದ "ಇದೆಲ್ಲ ಎಡಪಂಥೀಯರ ಗೋಳು" ಅನ್ನುವವರು ಸ್ವಲ್ಪ ಬಾಯಿ ಮುಚ್ಚಿ ಕೇಳಿ. 2016ರ ಜುಲೈನಲ್ಲಿ ಸೆನೆಟ್‌ನಲ್ಲೇ ನಿಂತು ಹೇಳಿದರು. ಒಂದೇ ವರ್ಷದಲ್ಲಿ ಪೊಲೀಸರು ಅವರ ಕಾರನ್ನು ಏಳು ಸಲ ನಿಲ್ಲಿಸಿದ್ದರು. ಸೆನೆಟರ್‌ಗಳು ಕೋಟಿಗೆ ಹಾಕುವ ಪಿನ್ ಇದ್ದರೂ ಸಂಸತ್ತನ್ನು ಕಾಯುವ ಕ್ಯಾಪಿಟಲ್ ಪೊಲೀಸನೊಬ್ಬ ಇವರನ್ನು ತಡೆದು ಐಡಿ ಕೇಳಿದ. ಇನ್ನು ಯಾವ ಕೋಟು ಹೊಲಿಸಬೇಕು, ನೀವೇ ಹೇಳಿ. ನನಗೆ ಗೊತ್ತಿರುವ ಟೈಲರ್ ಚಿಕ್ಕಪೇಟೆಯಲ್ಲಿದ್ದಾನೆ, ಬೇಕಾದರೆ ನಂಬರ್ ಕೊಡುತ್ತೇನೆ.

"ಅದೆಲ್ಲ ಕಪ್ಪು ಜನರ ಸಮಸ್ಯೆ, ನಮಗೇನು?" ಇದೇ ನೋಡಿ. ಇದಕ್ಕೇ ನನಗೆ ತಲೆ ಕೆಡುವುದು.

ನಿಮ್ಮ ಅಪ್ಪ ಅಮ್ಮ ಬರುತ್ತಾರಲ್ಲ ಇಲ್ಲಿಗೆ, ಬಾಣಂತನಕ್ಕೆ, ಮೊಮ್ಮಗನನ್ನು ನೋಡಿಕೊಳ್ಳುವುದಕ್ಕೆ. ಆರು ತಿಂಗಳು. ಕಾರು ಓಡಿಸಲು ಬರಲ್ಲ. ಮಾತಾಡಲು ಜನ ಇಲ್ಲ. ಅಪ್ಪ ಸ್ವೆಟರ್ ಹಾಕಿ, ಮಂಕಿ ಕ್ಯಾಪ್ ಹಾಕಿ, ಕೈ ಹಿಂದೆ ಕಟ್ಟಿಕೊಂಡು ಕಾಲೊನಿಯಲ್ಲಿ ವಾಕಿಂಗ್ ಹೋಗುತ್ತಾರೆ. ಹಾಲೇ ಇಲ್ಲದ ಊರಲ್ಲಿ ಹಾಲು ತರಲು ಹೊರಟವರ ಹಾಗೆ. ಯಾರ ಮನೆಯ ಗ್ಯಾರೇಜು ಎಷ್ಟು ದೊಡ್ಡದು, ಯಾರ ಮನೆ ಗುಲಾಬಿ ಚೆನ್ನಾಗಿದೆ, ನಿಂತು ನೋಡುತ್ತಾರೆ. ನಮ್ಮ ಅಪ್ಪಂದಿರೆಲ್ಲ ಹಾಗೇ ಅಲ್ವಾ?

2015ರ ಫೆಬ್ರವರಿ. ಅಲಬಾಮದ ಮ್ಯಾಡಿಸನ್ ಅನ್ನುವ ಊರು. ಗುಜರಾತಿನಿಂದ ಬಂದ 57 ವರ್ಷದ ತಾತ, ಮೊಮ್ಮಗನನ್ನು ನೋಡಿಕೊಳ್ಳಲು ಆಗಷ್ಟೇ ಬಂದಿದ್ದವರು, ಹೀಗೇ ಬೆಳಗ್ಗೆ ವಾಕಿಂಗ್ ಹೊರಟರು. ಅಕ್ಕಪಕ್ಕದವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಸಣಕಲು ಕಪ್ಪು ಮನುಷ್ಯನೊಬ್ಬ ಮನೆಗಳ ಮುಂದೆ ಓಡಾಡುತ್ತಿದ್ದಾನೆ ಅಂತ. ಕಪ್ಪು ಅಂತ! ಪೊಲೀಸರು ಬಂದರು. ತಾತನಿಗೆ ಇಂಗ್ಲಿಷ್ ಬರಲ್ಲ. ಇಂಗ್ಲಿಷ್ ಇಲ್ಲ, ಇಂಡಿಯನ್, ವಾಕಿಂಗ್ ಅಂತ ಬಿಡಿಬಿಡಿಯಾಗಿ ಹೇಳಿದರು, ಮನೆ ಕಡೆ ಕೈ ತೋರಿಸಿದರು. ಒಬ್ಬ ಪೊಲೀಸ್ ಅವರ ಕೈ ಹಿಂದಕ್ಕೆ ಹಿಡಿದು ನೆಲಕ್ಕೆ ಕುಕ್ಕಿದ. ಕತ್ತಿನ ಮೂಳೆಗೆ ಏಟು, ಆಪರೇಷನ್, ಕೈಕಾಲಿನ ಸ್ವಾಧೀನ ಭಾಗಶಃ ತಪ್ಪಿತು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗಿದೆ. ಎರಡು ಸಲ ವಿಚಾರಣೆ ನಡೆಯಿತು, ಎರಡು ಸಲವೂ ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ತಂಡದಲ್ಲಿ, ಒಮ್ಮತ ಬರಲಿಲ್ಲ. ಆಮೇಲೆ ಜಡ್ಜ್ ಆ ಪೊಲೀಸನನ್ನು ಖುಲಾಸೆ ಮಾಡಿದರು.

ಈಗ ಹೇಳಿ ಸರ್. ಅದು ಯಾರ ಸಮಸ್ಯೆ? ಫೋನ್ ಮಾಡಿದವರು ಅವರ ಪಾಸ್‌ಪೋರ್ಟ್ ನೋಡಿದ್ದರಾ? ಮಗ ಸಾಫ್ಟ್‌ವೇರಾ ಅಂತ ವಿಚಾರಿಸಿದ್ದರಾ? ದೂರದಿಂದ ಬಣ್ಣ ಕಂಡಿತು, ಅಷ್ಟೇ. ಇಲ್ಲೇನ್ ಕೆಲಸ ನಿಂಗೆ?

ಇದು ಹೊಸದೂ ಅಲ್ಲ. ಭಗತ್ ಸಿಂಗ್ ಥಿಂಡ್ ಅಂತ ಒಬ್ಬರು ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. 1923ರಲ್ಲಿ ಸುಪ್ರೀಂ ಕೋರ್ಟು ನೀನು ಬಿಳಿಯ ಅಲ್ಲ, ನಿನಗೆ ಪೌರತ್ವ ಇಲ್ಲ ಅಂದಿತು. 1946ರಲ್ಲಿ ಕಾನೂನು ಬದಲಾಯಿತು. ಇಡೀ ಭಾರತಕ್ಕೆ ವರ್ಷಕ್ಕೆ ಎಷ್ಟು ಜನ ಬರಬಹುದು ಅಂತ? 100. ಈಗ ಒಂದು ವಿಮಾನದಲ್ಲಿ ಅದಕ್ಕಿಂತ ಜಾಸ್ತಿ ಕನ್ನಡಿಗರೇ ಇರುತ್ತಾರೆ, ಎಲ್ಲರ ಬ್ಯಾಗಿನಲ್ಲೂ ಚಟ್ನಿಪುಡಿ. ಬಾಗಿಲು ಸರಿಯಾಗಿ ತೆರೆದದ್ದು 1965ರಲ್ಲಿ. ಅದೂ ಯಾರ ದೆಸೆಯಿಂದ? ಕಪ್ಪು ಜನ ಬೀದಿಗಿಳಿದು, ಲಾಠಿ ತಿಂದು, ನಾಯಿ ಕಚ್ಚಿಸಿಕೊಂಡು 1964ರ ನಾಗರಿಕ ಹಕ್ಕು ಕಾಯ್ದೆ ತಂದರಲ್ಲ, ಆ ಬಿಸಿಯಲ್ಲೇ ಮರುವರ್ಷ ವಲಸೆ ಕಾನೂನೂ ಬದಲಾಯಿತು. ನಾವು ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾಕೆ ಅಂತ ಕೂತಿದ್ದೇವೆ.

ಬರೀ ಕೂತಿಲ್ಲ. ಯಾವುದಾದರೂ ಬರ್ತ್‌ಡೇ ಪಾರ್ಟಿಗೆ ಹೋಗಿ. ಬಿಸಿಬೇಳೆ ಬಾತ್ ತಟ್ಟೆ ಕೈಗೆ ಬಂದ ಮೇಲೆ ಮನೆ ಕೊಳ್ಳುವ ಮಾತು ಶುರುವಾಗುತ್ತದೆ. "ಆ ಕಡೆ ಬೇಡ ಮಾರಾಯ, ಅಲ್ಲಿ ಅವ್ರು ಜಾಸ್ತಿ." ಅವರು ಅಂದರೆ ಯಾರು ಅಂತ ಕೇಳಿ ನೋಡಿ. "ಅಯ್ಯೋ, ಸ್ಕೂಲ್ ರೇಟಿಂಗ್ ಕಮ್ಮಿ ಅಂದೆ ಅಷ್ಟೇ" ಅನ್ನುತ್ತಾರೆ. ರೇಟಿಂಗ್ ಅಂತೆ! 2023ರಲ್ಲಿ ಸಿಯಾಟಲ್‌ನವರು ಜಾತಿ ತಾರತಮ್ಯದ ವಿರುದ್ಧವೇ ಕಾನೂನು ಮಾಡಬೇಕಾಯಿತು. ಜಾತಿಯನ್ನು ಅಲ್ಲಿಗೆ ಕೊಂಡೊಯ್ದವರು ಬಿಳಿಯರಲ್ಲ, ಸೂಟ್‌ಕೇಸಿನಲ್ಲಿ ಹೊತ್ತು ತಂದವರು ನಾವೇ. ಈ ಸಾಲಿಗೆ ಅನ್‌ಸಬ್‌ಸ್ಕ್ರೈಬ್ ಮಾಡುವವರು ಮಾಡಿ, ಬಾಗಿಲು ಆ ಕಡೆ.

"ಕಾನೂನು ಇದೆಯಲ್ಲ ಸರ್?" ಇದೆ. ಬೇಕಾದಷ್ಟಿದೆ. ಆದರೂ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಬಾಸ್ಟನ್, ಷಿಕಾಗೊದಲ್ಲಿ ಒಂದೇ ಥರದ ಕೆಲಸದ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿದರು. ಎಮಿಲಿ ಅಂತ ಬಿಳಿಯರ ಹೆಸರು ಇದ್ದರೆ ಸುಮಾರು ಹತ್ತು ಅರ್ಜಿಗೆ ಒಂದು ಕರೆ. ಲಕೀಶಾ ಅಂತ ಕಪ್ಪು ಜನರ ಹೆಸರು ಇದ್ದರೆ ಸುಮಾರು ಹದಿನೈದು ಅರ್ಜಿಗೆ ಒಂದು. ಯಾರೂ ಯಾರನ್ನೂ ಬೈಯಲಿಲ್ಲ ಸರ್. ಫೋನ್ ಮಾಡಲಿಲ್ಲ, ಅಷ್ಟೇ. ನಿಮ್ಮ ಬೈಗುಳದ ಲೆಕ್ಕದಲ್ಲಿ ಇದು ಸೊನ್ನೆ.

ಇನ್ನೂ ಏನೇನೋ ಬರೆದಿಟ್ಟಿದ್ದೆ ಇಲ್ಲಿ. ಬೆಲೆ ಇಳಿಸಿಬಿಡುತ್ತಾರೆ ಅಂತ ಮನೆ ಬೆಲೆ ಕಟ್ಟುವವರ ಮುಂದೆ ಗೋಡೆ ಮೇಲಿನ ಫೋಟೊ ತೆಗೆದು ಬಚ್ಚಿಡುವ ಕಪ್ಪು ಸಂಸಾರಗಳು, ಶಾಲೆಯಲ್ಲಿ ಕಪ್ಪು ಮಕ್ಕಳ ಜಡೆ ವಿಷಯಕ್ಕೆ ಗಲಾಟೆ... ಬೇಡ, ಬಿಡಿ. ಕೇಳುವವರಿಗೆ ಇಷ್ಟು ಸಾಕು, ಕೇಳದವರಿಗೆ ಎಷ್ಟು ಹೇಳಿದರೂ ಅಷ್ಟೇ. ಇಲ್ಲೇನ್ ಕೆಲಸ ನಿಂಗೆ, ಇಲ್ಲೇನ್ ಕೆಲಸ ನಿಂಗೆ! ಕೂತರೆ ಕೇಳು, ನಿಂತರೆ ಕೇಳು, ವಾಕಿಂಗ್ ಹೋದರೆ ಕೇಳು! ಥೂ. ನನ್ನ ಹೆಂಡತಿ ಒಳಗಿಂದ ಸನ್ನೆ ಮಾಡುತ್ತಿದ್ದಾಳೆ, ಬಿಪಿ ಅಂತ.

ಸರಿ. ಜಾಯಿನ್ ಬಟನ್ ಕೆಳಗಿದೆ, ತಿಂಗಳಿಗೆ ಎರಡು ಡಾಲರ್. ಒಂದು ಮಸಾಲೆ ದೋಸೆಗೆ ಹದಿನೈದು ಡಾಲರ್ ಕೊಡುತ್ತೀರಿ, ಅದೂ ಮೆತ್ತಗಿನ ದೋಸೆ, ಜೊತೆಗೆ ಕೇಳದೇ ಇದ್ದರೂ ಸಾಂಬಾರಿಗೆ ಸಕ್ಕರೆ. ಮುಂದಿನ ವಾರ ಆ ದೋಸೆಯವರನ್ನೇ ವಿಚಾರಿಸಿಕೊಳ್ಳೋಣ. ಬರ್ತೀನಿ.