ತನ್ನದೇ ಫಿರಂಗಿಗೆ ಕುರುಡಾದ ಕಣ್ಣು

ಕೇಳುಗರಿಗೆ ನಮಸ್ಕಾರ.

1939ರ ಡಿಸೆಂಬರ್ 17. ಉರುಗ್ವೆಯ ಮಾಂಟೆವಿಡಿಯೊ ಬಂದರಿನಾಚೆ ಜರ್ಮನಿಯ ಯುದ್ಧನೌಕೆ ಆಡ್ಮಿರಲ್ ಗ್ರಾಫ್ ಸ್ಪೀಯನ್ನು ಅದರ ಕ್ಯಾಪ್ಟನ್ನೇ ಸ್ಫೋಟಿಸಿ ಮುಳುಗಿಸಿದ. ನೀರು ಅಷ್ಟೇನೂ ಆಳವಿರಲಿಲ್ಲ. ಹಡಗಿನ ಗೋಪುರ ಹೊರಗೇ ಉಳಿಯಿತು. ಅದರ ನೆತ್ತಿಯಲ್ಲಿ ಮಂಚದ ಚೌಕಟ್ಟಿನಂಥದ್ದೇನೋ ಕಾಣುತ್ತಿತ್ತು. ಬ್ರಿಟನ್ನಿನ ತಜ್ಞ ಬೇನ್‌ಬ್ರಿಜ್-ಬೆಲ್ ಹೋಗಿ ಪರೀಕ್ಷಿಸಿದರು. ಅದು ರೇಡಾರ್.

ಅದಕ್ಕೆ ಸೀಟಾಕ್ಟ್ ಎಂದು ಹೆಸರು. ಕೀಲ್‌ನ ನೌಕಾ ಪ್ರಯೋಗಾಲಯದಲ್ಲಿ ರುಡಾಲ್ಫ್ ಕ್ಯೂನ್‌ಹೋಲ್ಡ್ ಎಂಬ ಭೌತವಿಜ್ಞಾನಿ ನೀರಿನೊಳಗೆ ಸದ್ದು ಕಳಿಸಿ, ಮರುದನಿಯಿಂದ ವಸ್ತುಗಳನ್ನು ಪತ್ತೆಹಚ್ಚುವ ಕೆಲಸದಲ್ಲಿದ್ದರು. ನೀರಿನಡಿ ಸದ್ದು ಮಾಡುವ ಕೆಲಸವನ್ನು ನೀರಿನ ಮೇಲೆ ರೇಡಿಯೊ ಅಲೆ ಯಾಕೆ ಮಾಡಬಾರದು ಎಂದುಕೊಂಡರು. ಈಗ ನನ್ನ ಮಾತನ್ನು ನಿಮಗೆ ಮುಟ್ಟಿಸುತ್ತಿರುವುದೂ ರೇಡಿಯೊ ಅಲೆಯೇ. ಮಧ್ಯಮ ತರಂಗದಲ್ಲಾದರೆ ಅದರ ಉದ್ದ ನೂರಾರು ಮೀಟರ್. ಸೀಟಾಕ್ಟ್ ಬಳಸಿದ್ದು ಸುಮಾರು 80 ಸೆಂಟಿಮೀಟರಿನದು. 1934ರಲ್ಲಿ ಅಲೆಯನ್ನು ಎಡೆಬಿಡದೆ ಕಳಿಸಿ ನೋಡಿದರು. ಮರುದನಿ ಬಂತು, ದೂರ ತಿಳಿಯಲಿಲ್ಲ. ಆಮೇಲೆ ತುಂಡುತುಂಡಾಗಿ ಕಳಿಸಿ, ಹೋಗಿಬರುವ ಹೊತ್ತನ್ನು ಅಳೆದರು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಹಿಡಿದರೆ ಎದುರಿನ ಹಡಗು 150 ಮೀಟರ್ ದೂರ. ಲೆಕ್ಕ ಅಷ್ಟೇ.

ಇಷ್ಟು ಬೇಗ ಕಣ್ಣು ಪಡೆದವರು ಗೆಲ್ಲಬೇಕಿತ್ತಲ್ಲ? ಆದರೆ ಆ ಕಣ್ಣು ಬಲು ನಾಜೂಕು.

1941ರ ಮೇ 23ರ ಸಂಜೆ, ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಜಲಸಂಧಿ. ಮಂಜಿನೊಳಗಿಂದ ಬ್ರಿಟಿಷ್ ಕ್ರೂಸರ್ ನಾರ್ಫೋಕ್ ಕಾಣಿಸಿಕೊಂಡಿತು. ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್ ಗುಂಡು ಹಾರಿಸಿತು. ಗುಂಡು ನಾರ್ಫೋಕ್‌ಗೆ ತಾಗಲಿಲ್ಲ. ತನ್ನದೇ ಫಿರಂಗಿಯ ಅದುರಾಟಕ್ಕೆ ಬಿಸ್ಮಾರ್ಕ್‌ನ ಮುಂಭಾಗದ ರೇಡಾರ್ ಕೆಟ್ಟಿತು! ಬಿಸ್ಮಾರ್ಕ್‌ನಲ್ಲಿದ್ದ ಜರ್ಮನ್ ಅಡ್ಮಿರಲ್ ಲುಟ್ಯೆನ್ಸ್, ಜೊತೆಗೆ ಬಂದಿದ್ದ ಪ್ರಿನ್ಸ್ ಆಯ್ಗನ್ ಹಡಗನ್ನು ಮುಂದಕ್ಕೆ ಕಳಿಸಿದ. ದೂರದಿಂದ ಎರಡರ ಆಕಾರವೂ ಒಂದೇ. ಮರುದಿನ ಬೆಳಗ್ಗೆ ಬ್ರಿಟನ್ನಿನ ಯುದ್ಧನೌಕೆ ಹುಡ್, ಮುಂದಿದ್ದುದೇ ಬಿಸ್ಮಾರ್ಕ್ ಎಂದು ತಿಳಿದು ಪ್ರಿನ್ಸ್ ಆಯ್ಗನ್ ಮೇಲೆ ಗುಂಡು ಹಾರಿಸತೊಡಗಿತು. ಹುಡ್ ಮುಳುಗಿದ್ದು ಈ ತಪ್ಪಿನಿಂದಲೇ ಎನ್ನಲಾರೆ. ಆದರೆ ಎಣಿಸಿ ಕೊಟ್ಟಂತಿದ್ದ ಮೊದಲ ನಿಮಿಷಗಳು ಹಾಳಾದವು. ಹುಡ್‌ನಲ್ಲಿದ್ದ 1,418 ಜನರಲ್ಲಿ ಬದುಕಿದವರು ಮೂವರು.

ಇನ್ನೊಂದು ದಿನ, 1943ರ ಡಿಸೆಂಬರ್ 26. ನಾರ್ವೆಯ ಉತ್ತರಕ್ಕೆ, ಸೂರ್ಯನೇ ಹುಟ್ಟದ ಚಳಿಗಾಲ. ಜರ್ಮನಿಯ ಯುದ್ಧನೌಕೆ ಷಾರ್ನ್‌ಹಾರ್ಸ್ಟ್‌ನ ಮುಂಭಾಗದ ರೇಡಾರ್ ಅಂದು ಬೆಳಗ್ಗೆ ಶತ್ರುವಿನ ಒಂದೇ ಗುಂಡಿಗೆ ಹಾರಿಹೋಯಿತು. ಸಂಜೆ ಬ್ರಿಟನ್ನಿನ ಯುದ್ಧನೌಕೆ ಡ್ಯೂಕ್ ಆಫ್ ಯಾರ್ಕ್ ತನ್ನ 10 ಸೆಂಟಿಮೀಟರ್ ರೇಡಾರ್‌ನಿಂದ ಅದನ್ನು 40 ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲೇ ಕಂಡು, ಹತ್ತಿರ ಬಂದು ಬೆಳಕಿನ ಗುಂಡು ಹಾರಿಸಿದಾಗ ಷಾರ್ನ್‌ಹಾರ್ಸ್ಟ್‌ನ ಫಿರಂಗಿಗಳು ಇನ್ನೂ ಹಿಂದುಮುಂದಕ್ಕೆ ನೆಟ್ಟಗೆ ಮಲಗಿದ್ದವು. ಷಾರ್ನ್‌ಹಾರ್ಸ್ಟ್ ಮುಳುಗಿತು. ನೀರಿನಿಂದ ಜೀವಂತ ಎತ್ತಿದ್ದು 36 ಜನರನ್ನು.

ಬೆಳಗಿನ ಆ ಗುಂಡು ಹಾರಿಸಿದ ಹಡಗಿನ ಹೆಸರು ನಾರ್ಫೋಕ್.